ಕೆಂಡದ ಮೇಲಿನ ಸೋಡ ಬ್ರೆಡ್: ತಳ ಸೀದು ನಡು ಹಸಿಯಾಗುವುದೇಕೆ?

ಪ್ರಶ್ನೆ: ನಾವು ಮೂಲತಃ ಕುಮಟಾ ಕಡೆಯವರು, ಕೆಲಸದ ನಿಮಿತ್ತ ಐರ್ಲೆಂಡಿನ ಪಶ್ಚಿಮಕ್ಕಿರುವ ಮೇಯೋ ಕೌಂಟಿಯಲ್ಲಿ ನೆಲೆಸಿದ್ದೇವೆ. ಈಚೆಗೆ ಬಾಡಿಗೆಗೆ ಹಿಡಿದ ಹಳೆಯ ಹಳ್ಳಿಮನೆಯಲ್ಲಿ ತೆರೆದ ಬೆಂಕಿಗೂಡು ಇದೆ. ಅದರಲ್ಲಿ ಪಾತ್ರೆ ತೂಗುಹಾಕುವ ಕಬ್ಬಿಣದ ತೋಳು ಇನ್ನೂ ಗಟ್ಟಿಯಾಗಿದೆ. ಅಂಗಳದಲ್ಲಿ ಹೂಕುಂಡವಾಗಿದ್ದ, ಕಪ್ಪು ಬಣ್ಣ ಬಳಿದ, ಮೂರು ಗಿಡ್ಡ ಕಾಲಿನ ಬೀಡುಕಬ್ಬಿಣದ ಪಾತ್ರೆಯನ್ನು ನೋಡಿ ಪಕ್ಕದ ಮನೆಯ ಹಿರಿಯರು, ಇದೇ ಬ್ಯಾಸ್ಟಿಬಲ್, ನಮ್ಮ ತಾಯಿ ಇಂಥದರಲ್ಲೇ ದಿನವೂ ಸೋಡ ಬ್ರೆಡ್ ಬೇಯಿಸುತ್ತಿದ್ದರು ಎಂದರು. ನನ್ನ ಅಜ್ಜಿ ತೆಂಗಿನ ಚಿಪ್ಪಿನ ಕೆಂಡವನ್ನು ಮುಚ್ಚಳದ ಮೇಲೆ ಹಾಕಿ ತವಸಳಿ (ಸೌತೆಕಾಯಿಯ ಸಿಹಿತಿಂಡಿ) ಬೇಯಿಸುತ್ತಿದ್ದುದನ್ನು ಕಂಡವಳಾದ್ದರಿಂದ ನನಗೂ ಆಸೆಯಾಯಿತು. ಪಾತ್ರೆಯನ್ನು ತಿಕ್ಕಿ ತೊಳೆದು, ಇಂಡಿಯನ್ ಅಂಗಡಿಯ ಚಪಾತಿ ಹಿಟ್ಟು, ಮನೆಯ ಮಜ್ಜಿಗೆ ಮತ್ತು ಅಡುಗೆ ಸೋಡದಿಂದ ಎರಡು ಸಲ ಮಾಡಿದೆ. ಎರಡೂ ಸಲ ತಳ ಸೀದು ಕರಿಕಲಾಯಿತು, ನಡುಭಾಗ ಅಂಟಂಟಾಗಿ ಹಸಿಯಾಗಿಯೇ ಉಳಿಯಿತು, ಒಳಗೆ ಅಲ್ಲಲ್ಲಿ ಹಳದಿ-ಹಸಿರು ಚುಕ್ಕೆಗಳಿದ್ದವು, ಬಾಯಿಗಿಟ್ಟರೆ ಸಾಬೂನಿನ ರುಚಿ. ಟರ್ಫ್ (ಜವುಗು ನೆಲದಿಂದ ಕಡಿದು ಒಣಗಿಸಿದ ಉರುವಲು) ಬೆಂಕಿಯಿಲ್ಲದೆ ಈ ಬ್ರೆಡ್ ಬರುವುದೇ ಇಲ್ಲ ಎನ್ನುವವರಿದ್ದಾರೆ; ಟರ್ಫ್ ಸುಡುವುದೇ ಈಗ ಕಾನೂನಿಗೆ ವಿರುದ್ಧ ಎನ್ನುವವರೂ ಇದ್ದಾರೆ. ಮೇಲೆ ಶಿಲುಬೆಯ ಗೆರೆ ಕೊಯ್ಯದಿದ್ದರೆ ಬ್ರೆಡ್ ಕೆಡುತ್ತದೆ ಎಂಬ ಮಾತೂ ಕೇಳಿದೆ. ನನ್ನ ಎಂಟು ವರ್ಷದ ಮಗಳಿಗೆ ಆಸ್ತಮಾ ಇದೆ. ನಾನು ತಪ್ಪುತ್ತಿರುವುದು ಎಲ್ಲಿ? ಇದನ್ನು ಮುಂದುವರಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆಬೇರೆ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಹಿಟ್ಟು ಕಲಸಿದ ರೀತಿಯದು ಒಂದು, ಕೆಂಡ ಹಂಚಿದ ರೀತಿಯದು ಇನ್ನೊಂದು, ಪಾತ್ರೆಯದು ಮತ್ತೊಂದು. ಬ್ರೆಡ್ಡು ಕೆಟ್ಟದ್ದಕ್ಕೆ ಮೊದಲ ಎರಡು ಕಾರಣ. ಆದರೆ ನಾನು ಮೂರನೆಯದರಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ಅದು ರುಚಿಯ ಪ್ರಶ್ನೆಯಲ್ಲ.

ಆ ಪಾತ್ರೆಯಲ್ಲಿ ಸದ್ಯಕ್ಕೆ ಇನ್ನೇನನ್ನೂ ಬೇಯಿಸಬೇಡಿ. ಐರ್ಲೆಂಡಿನ ಹಳ್ಳಿಗಳಲ್ಲಿ ಅನಿಲ ಮತ್ತು ವಿದ್ಯುತ್ ಒಲೆಗಳು ಬಂದ ಮೇಲೆ ಬ್ಯಾಸ್ಟಿಬಲ್‌ಗಳು ಅಂಗಳಕ್ಕೆ ಬಂದು ಹೂಕುಂಡಗಳಾದವು, ಅಂದ ಕಾಣಲೆಂದು ಮತ್ತು ತುಕ್ಕು ಹಿಡಿಯದಿರಲೆಂದು ಅವುಗಳಿಗೆ ಬಣ್ಣ ಬಳಿಯಲಾಯಿತು. ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಸಾಕಷ್ಟಿದೆ. ಸೋಪು, ತೆಂಗಿನ ನಾರು ಹಾಕಿ ಎಷ್ಟು ತಿಕ್ಕಿದರೂ ಅದು ಪೂರ್ತಿಯಾಗಿ ಹೋಗುವುದಿಲ್ಲ. ಬೆಂಕಿಯಲ್ಲಿ ಸುಟ್ಟು ತೆಗೆಯಹೊರಟರೆ ಸೀಸದ ಹೊಗೆ ಮತ್ತು ಧೂಳು ಮನೆಯೊಳಗೇ ಹರಡುತ್ತವೆ, ಅದು ಇನ್ನೂ ಕೆಟ್ಟದ್ದು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸೀಸ ಪತ್ತೆಹಚ್ಚುವ ಕಿಟ್ ದೊರೆಯುತ್ತದೆ, ಅದರಿಂದ ಪಾತ್ರೆಯ ಒಳಮೈ, ಹೊರಮೈ ಎರಡನ್ನೂ ಪರೀಕ್ಷಿಸಿ. ಸೀಸ ಕಂಡುಬಂದರೆ ಪಾತ್ರೆ ಮತ್ತೆ ಹೂಕುಂಡವಾಗಲಿ. ನಿಮ್ಮ ಮಗಳೂ ಆ ಬ್ರೆಡ್ ತಿಂದಿದ್ದರೆ ಕುಟುಂಬದ ವೈದ್ಯರಿಗೆ ವಿಷಯ ತಿಳಿಸಿ, ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಎರಡು ತುಂಡು ತಿಂದದ್ದಕ್ಕೆ ಗಾಬರಿಯಾಗುವ ಅಗತ್ಯವಿಲ್ಲ, ಆದರೆ ಮಕ್ಕಳ ವಿಷಯದಲ್ಲಿ ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಎಂಬ ಮಿತಿ ಇಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಬಣ್ಣ ಕಾಣದ ಹಳೆಯ ಪಾತ್ರೆ ಸಿಕ್ಕಿದರೂ ಬಿರುಕು ನೋಡಬೇಕು. ಪಾತ್ರೆಯನ್ನು ಕೈಹಿಡಿಕೆಯಿಂದ ಎತ್ತಿ ಹಿಡಿದು, ಮರದ ಸೌಟಿನಿಂದ ಮೆಲ್ಲಗೆ ಬಡಿದರೆ ಗಂಟೆಯಂತೆ ನಾದ ಬರಬೇಕು; ಮಂಕಾದ ಸದ್ದು ಬಂದರೆ ಎಲ್ಲೋ ಸೀಳಿದೆ ಎಂದು ತಿಳಿಯಬಹುದು. ಕಿವಿಗಳ ಬುಡ ಸವೆದಿದ್ದರೆ ಕೆಂಡ ಹೊತ್ತ ಮುಚ್ಚಳದ ಸಮೇತ ಅದನ್ನು ತೂಗುಹಾಕುವುದು ಅಪಾಯ. ನನ್ನ ಸಲಹೆ ಕೇಳುವುದಾದರೆ, ಕ್ಯಾಂಪಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೂರು ಕಾಲು ಮತ್ತು ಏಣು ಎತ್ತಿದ ಮುಚ್ಚಳವಿರುವ, ಡಚ್ ಅವನ್ ಎಂಬ ಹೊಸ ಬೀಡುಕಬ್ಬಿಣದ ಪಾತ್ರೆ ಸಿಗುತ್ತದೆ, ಅದನ್ನೇ ಕೊಳ್ಳಿ. ವಿನ್ಯಾಸದಲ್ಲಿ ಅದಕ್ಕೂ ಬ್ಯಾಸ್ಟಿಬಲ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪಳಗಿಸುವ ಕ್ರಮ ನಮ್ಮ ದೋಸೆ ಕಾವಲಿಯದೇ: ತೆಳುವಾಗಿ ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಕಾಯಿಸಿ, ತಣಿಸಿ, ಮತ್ತೆ ಅದನ್ನೇ ಮಾಡುವುದು.

ಈಗ ಬ್ರೆಡ್ಡಿನ ವಿಷಯಕ್ಕೆ ಬರೋಣ. ಸೋಡ ಬ್ರೆಡ್ ಎಂದರೆ ಐರಿಷರ ಅನಾದಿಕಾಲದ ರೊಟ್ಟಿ ಎಂದು ಪ್ರವಾಸಿಗರಿಗೆ ಹೇಳುವುದುಂಟು. ಅದು ನಿಜವಲ್ಲ. ಅಡುಗೆ ಸೋಡ ಕಾರ್ಖಾನೆಗಳಲ್ಲಿ ತಯಾರಾಗಿ ಅಗ್ಗವಾಗಿ ದೊರೆಯತೊಡಗಿದ್ದೇ 19ನೇ ಶತಮಾನದಲ್ಲಿ; ಅದನ್ನು ಹುಳಿ ಹಾಲಿನೊಂದಿಗೆ ಬೆರೆಸಿ ಬ್ರೆಡ್ ಮಾಡುವ ಕ್ರಮ 1830ರ ದಶಕದಲ್ಲಿ ಉತ್ತರ ಐರ್ಲೆಂಡಿನ ಕಡೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದಕ್ಕೂ ಮೊದಲು ಬಡವರ ಮನೆಯಲ್ಲಿ ಓಟ್ಸ್ ಮತ್ತು ಬಾರ್ಲಿಯ ತೆಳು ರೊಟ್ಟಿ ಇತ್ತು, ಆಲೂಗೆಡ್ಡೆ ಇತ್ತು; ಗೋಧಿ ಬ್ರೆಡ್ ಉಳ್ಳವರ ಊಟವಾಗಿತ್ತು. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಆಲೂಗೆಡ್ಡೆಯ ಮೇಲಿನ ಭರವಸೆ ಮುರಿದುಬಿದ್ದ ಮೇಲೆ, ಅಂಗಡಿಯ ಗೋಧಿ ಹಿಟ್ಟು ಕ್ರಮೇಣ ಸಾಮಾನ್ಯರ ಕೈಗೂ ಎಟುಕತೊಡಗಿದ ಮೇಲೆ ಸೋಡ ಬ್ರೆಡ್ ಮನೆಮನೆಯದಾಯಿತು.

ಈ ಇತಿಹಾಸವನ್ನು ಹೇಳುವುದಕ್ಕೆ ಕಾರಣವಿದೆ. ಆ ಮನೆಗಳಲ್ಲಿ ಏನಿತ್ತು, ಏನಿರಲಿಲ್ಲ ಎಂಬುದೇ ಬ್ರೆಡ್ಡಿನ ಗುಣವನ್ನು ನಿರ್ಧರಿಸಿತು. ತೇವದ, ತಂಪಿನ ಹವೆಯಲ್ಲಿ ಬೆಳೆಯುವ ಅಲ್ಲಿನ ಗೋಧಿ ಮೆದು ಜಾತಿಯದು. ಅದರ ಹಿಟ್ಟಿನಲ್ಲಿ ಪ್ರೋಟೀನು ಕಡಿಮೆ, ಯೀಸ್ಟ್ ಹಾಕಿ ಗಂಟೆಗಟ್ಟಲೆ ಉಬ್ಬಿಸುವ ಬ್ರೆಡ್ಡಿಗೆ ಬೇಕಾದ ಬಿಗಿಯಾದ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು) ಜಾಲ ಅದರಿಂದ ಬರುವುದಿಲ್ಲ. ಗೂಡಿನಂಥ ಕಟ್ಟಿದ ಓವನ್ ಬಹುಪಾಲು ಮನೆಗಳಲ್ಲಿ ಇರಲಿಲ್ಲ, ಇದ್ದದ್ದು ನೆಲಮಟ್ಟದ ಒಂದೇ ಬೆಂಕಿ. ಬೆಣ್ಣೆಯನ್ನು ಮಾರಾಟಕ್ಕೆ ಕಳಿಸಿದ ಮೇಲೆ ಮನೆಯಲ್ಲಿ ಹುಳಿ ಮಜ್ಜಿಗೆ ಧಾರಾಳವಾಗಿ ಉಳಿಯುತ್ತಿತ್ತು. ದಕ್ಷಿಣದ ಕಾರ್ಕ್ ನಗರ 18ನೇ ಶತಮಾನದಿಂದಲೇ ದೊಡ್ಡ ಬೆಣ್ಣೆ ಮಾರುಕಟ್ಟೆಯಾಗಿತ್ತು. ಮೆದು ಹಿಟ್ಟು, ಹುಳಿ ಮಜ್ಜಿಗೆ, ಮುಚ್ಚಳದ ಪಾತ್ರೆ ಇವು ಮೂರಕ್ಕೂ ಸೋಡ ಹೇಳಿ ಮಾಡಿಸಿದಂತೆ ಹೊಂದಿತು. ನೀವು ಸೋಡವನ್ನೂ ಪಾತ್ರೆಯನ್ನೂ ಉಳಿಸಿಕೊಂಡು ಉಳಿದೆರಡನ್ನು, ಅಂದರೆ ಹಿಟ್ಟನ್ನೂ ಮಜ್ಜಿಗೆಯನ್ನೂ, ಬದಲಾಯಿಸಿದ್ದೀರಿ. ನಡು ಹಸಿಯಾದದ್ದಕ್ಕೂ ಸಾಬೂನಿನ ರುಚಿಗೂ ಮೂಲ ಅಲ್ಲಿದೆ.

ಮೊದಲು ಹಿಟ್ಟು. ಚಪಾತಿ ಹಿಟ್ಟು ಗಟ್ಟಿ ಗೋಧಿಯದು. ಅದನ್ನು ಕಲ್ಲಿನ ನಡುವೆ ಒತ್ತಿ ನುಣ್ಣಗೆ ಬೀಸುವಾಗ ಪಿಷ್ಟದ ಕಣಗಳು ಒಡೆಯುತ್ತವೆ, ಒಡೆದ ಕಣಗಳು ನೀರನ್ನು ಹೆಚ್ಚು ಹೀರುತ್ತವೆ. ಚಪಾತಿ ಮೆತ್ತಗಾಗಿ ಉಬ್ಬಲು ಇದು ಬೇಕಾದ ಗುಣವೇ. ಆದರೆ ದಪ್ಪ ಬ್ರೆಡ್ಡಿನಲ್ಲಿ ಹಾಗೆ ಹೀರಿದ ನೀರು ಬೇಯುವಾಗ ಹೊರಹೋಗಲಾರದೆ ಒಳಗೇ ಉಳಿದು ನಡುಭಾಗವನ್ನು ಅಂಟು ಮಾಡುತ್ತದೆ. ಜೊತೆಗೆ ನಮಗೆ ಚಪಾತಿ ಹಿಟ್ಟು ಕಂಡೊಡನೆ ಕೈ ತಾನಾಗಿಯೇ ನಾದತೊಡಗುತ್ತದೆ, ನಾದಿದಷ್ಟೂ ಗ್ಲುಟೆನ್ ಬಿಗಿಯಾಗಿ ಬ್ರೆಡ್ ರಬ್ಬರಾಗುತ್ತದೆ. ಮೇಯೋದ ಯಾವ ಕಿರಾಣಿ ಅಂಗಡಿಯಲ್ಲೂ ಸಾದಾ ಬಿಳಿ ಹಿಟ್ಟು ‘ಕ್ರೀಮ್ ಫ್ಲೌರ್’ ಎಂಬ ಹೆಸರಿನಲ್ಲಿ ಸಿಗುತ್ತದೆ, ಬಿಳಿ ಸೋಡ ಬ್ರೆಡ್ಡಿಗೆ ಅದೇ ಸರಿ. ಕಂದು ಬ್ರೆಡ್ ಬೇಕಿದ್ದರೆ ತರಿತರಿಯಾದ ಹೋಲ್‌ಮೀಲ್ ಹಿಟ್ಟನ್ನು ಅರ್ಧಕ್ಕರ್ಧ ಬೆರೆಸಿ. ಪೊಟ್ಟಣದ ಮೇಲೆ ‘ಸ್ಟ್ರಾಂಗ್’ ಎಂದಿರುವುದನ್ನು ಬಿಡಿ, ಅದು ಯೀಸ್ಟ್ ಬ್ರೆಡ್ಡಿಗೆ. ‘ಸೆಲ್ಫ್ ರೈಸಿಂಗ್’ ಎಂದಿರುವುದರಲ್ಲಿ ಉಬ್ಬಿಸುವ ಪುಡಿ ಮೊದಲೇ ಸೇರಿರುತ್ತದೆ, ಅದೂ ಬೇಡ.

ಇನ್ನು ಮಜ್ಜಿಗೆ ಮತ್ತು ಸೋಡದ ಲೆಕ್ಕ. ಸೋಡ ಕ್ಷಾರ, ಮಜ್ಜಿಗೆಯಲ್ಲಿರುವುದು ಲ್ಯಾಕ್ಟಿಕ್ ಆಮ್ಲ. ಎರಡೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊಮ್ಮಿ ಹಿಟ್ಟನ್ನು ಎತ್ತುತ್ತದೆ. 250 ಮಿ.ಲೀ. ದಟ್ಟ ಹುಳಿ ಮಜ್ಜಿಗೆಯಲ್ಲಿರುವ ಆಮ್ಲ ಸುಮಾರು ಅರ್ಧ ಟೀ ಚಮಚ ಸೋಡಕ್ಕೆ ಸರಿಹೋಗುತ್ತದೆ ಎಂಬುದು ಬೇಕರಿ ಕೆಲಸದಲ್ಲಿ ನಾವು ಬಳಸುವ ಅಂದಾಜು. ಆದರೆ ನಮ್ಮ ಮನೆಗಳಲ್ಲಿ ಮಜ್ಜಿಗೆ ಎಂದರೆ ಒಂದು ಪಾಲು ಮೊಸರಿಗೆ ಎರಡು ಪಾಲು ನೀರು ಬೆರೆಸಿ ಕಡೆದದ್ದು, ಅದರಲ್ಲಿ ಆಮ್ಲ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಸೋಡದ ಅಳತೆ ಮಾತ್ರ ಹಾಗೆಯೇ ಉಳಿದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಜೊತೆಗಾರ ಆಮ್ಲವೇ ಇಲ್ಲದಂತಾಗುತ್ತದೆ. ಹಾಗೆ ಉಳಿದ ಸೋಡ ಬಿಸಿಯಲ್ಲಿ ಇನ್ನೂ ತೀಕ್ಷ್ಣವಾದ ಸೋಡಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ನಿಮಗೆ ಬಂದ ಸಾಬೂನಿನ ರುಚಿ ಅದರದ್ದೇ. ಕ್ಷಾರ ಹೆಚ್ಚಿದ್ದಾಗ ಹೊರಪದರ ಬೇಗ ಕಂದಾಗುವುದೂ ಉಂಟು, ಆದ್ದರಿಂದ ತಳ ಸೀಯುವುದಕ್ಕೂ ಅದರ ಕೈವಾಡ ಸ್ವಲ್ಪ ಇದೆ. ಹಳದಿ-ಹಸಿರು ಚುಕ್ಕೆಗಳೆಂದರೆ ಸೋಡದ ಗಂಟುಗಳು ಜರಡಿಯಾಗದೆ ಉಳಿದ ಜಾಗಗಳು. ಅರಿಶಿನಕ್ಕೆ ಸುಣ್ಣ ತಾಗಿದಾಗ ಕೆಂಪಾಗುವಂತೆ, ಗೋಧಿಯಲ್ಲಿ ಸಹಜವಾಗಿರುವ ಕೆಲವು ವರ್ಣದ್ರವ್ಯಗಳು ಕ್ಷಾರ ತಾಗಿದಾಗ ಹಳದಿಯಾಗುತ್ತವೆ. ಅವು ಬೂಷ್ಟಲ್ಲ, ವಿಷವೂ ಅಲ್ಲ. ಬಾಯಿಗೆ ಮಾತ್ರ ಕಹಿ.

ಹೆಚ್ಚು ಸೋಡ ಹಾಕಿದರೆ ಹೆಚ್ಚು ಉಬ್ಬುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ಐರ್ಲೆಂಡಿನಲ್ಲೂ ಇದೆ. ಆಮ್ಲ ಇರುವಷ್ಟಕ್ಕೇ ಅನಿಲ ಚೆನ್ನಾಗಿ ಬರುತ್ತದೆ, ಅದರಾಚೆಗಿನ ಸೋಡ ರುಚಿ ಕೆಡಿಸುವುದಕ್ಕೆ ಮಾತ್ರ. ಆದ್ದರಿಂದ 450 ಗ್ರಾಂ ಹಿಟ್ಟಿಗೆ ಒಂದು ಟೀ ಚಮಚ ಸೋಡ ಸಾಕು, ಅದನ್ನೂ ಗುಡ್ಡೆ ಹಾಕದೆ ಚಾಕುವಿನಿಂದ ಮಟ್ಟಮಾಡಿ ಅಳೆಯಿರಿ. ಒಂದು ಟೀ ಚಮಚ ಉಪ್ಪು, 350ರಿಂದ 400 ಮಿ.ಲೀ. ಅಂಗಡಿಯ ಬಟರ್‌ಮಿಲ್ಕ್ ಬೇಕಾಗುತ್ತದೆ. ಮನೆಯ ಮೊಸರನ್ನೇ ಬಳಸಬೇಕೆಂದಿದ್ದರೆ ಚೆನ್ನಾಗಿ ಹುಳಿತ ಮೂರು ಪಾಲು ಮೊಸರಿಗೆ ಒಂದು ಪಾಲು ಹಾಲು ಸೇರಿಸಿ ಕಡೆದುಕೊಳ್ಳಿ, ನೀರು ಬೇಡ.

ಕಲಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪುಸ್ತಕಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತದೆ. ಸೋಡ, ಉಪ್ಪು, ಹಿಟ್ಟನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿದು ಅಗಲವಾದ ಬೋಗುಣಿಗೆ ಹಾಕಿ, ನಡುವೆ ಗುಳಿ ಮಾಡಿ, ಬಟರ್‌ಮಿಲ್ಕಿನ ಹೆಚ್ಚಿನ ಪಾಲನ್ನು ಒಮ್ಮೆಗೇ ಸುರಿಯಿರಿ. ಬೆರಳುಗಳನ್ನು ಬಿಡಿಸಿ, ಬಿಗಿಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತಾ ಹೋಗಿ. ಬೋಗುಣಿಯ ಅಂಚು ಮುಟ್ಟುವಷ್ಟರಲ್ಲಿ ಹಿಟ್ಟು ಒಂದಾಗಿರಬೇಕು. ಅದು ಕೈಗೆ ಅಂಟುತ್ತದೆ, ಮೇಲ್ಮೈ ತರಿತರಿಯಾಗಿರುತ್ತದೆ, ಚಪಾತಿ ಹಿಟ್ಟಿನ ನಯ ಬಂದಿರುವುದಿಲ್ಲ. ನಯ ಬರಿಸಲು ಹೋಗಬೇಡಿ. ಹಿಟ್ಟು ಚೆಲ್ಲಿದ ಮಣೆಯ ಮೇಲೆ ತಿರುವಿ, ಅಂಚುಗಳನ್ನು ಒಳಕ್ಕೆ ಮಡಚಿ, ಎರಡು ಅಂಗುಲ ಎತ್ತರಕ್ಕೆ ತಟ್ಟಿ. ಇಡ್ಲಿ ಹಿಟ್ಟಿನ ಅಭ್ಯಾಸದಲ್ಲಿ ಇದನ್ನು ನೆನೆಯಲು ಇಡುವವರಿದ್ದಾರೆ. ಇಲ್ಲಿ ಆಮ್ಲ ಮತ್ತು ಸೋಡ ಸೇರಿದ ಕ್ಷಣದಿಂದ ಅನಿಲ ಹೊರಟಿರುತ್ತದೆ, ಇಟ್ಟಷ್ಟೂ ನಷ್ಟ. ಪಾತ್ರೆ ಮೊದಲೇ ಕಾದಿರಬೇಕು, ಹಿಟ್ಟು ಕಲಸುವುದು ಕೊನೆಯ ಕೆಲಸ.

ಶಿಲುಬೆಯ ಗೆರೆಯ ಬಗ್ಗೆ ಕೇಳಿದ್ದೀರಿ. ಬ್ರೆಡ್ಡಿನೊಳಗಿನ ಯಕ್ಷಿಣಿಗಳು ಹೊರಹೋಗಲೆಂದು, ಸೈತಾನನನ್ನು ದೂರವಿಡಲೆಂದು, ದೇವರ ಆಶೀರ್ವಾದ ಬೇಡಲೆಂದು ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. 1937ರಿಂದ 1939ರ ನಡುವೆ ಐರಿಷ್ ಜಾನಪದ ಆಯೋಗ ಶಾಲಾಮಕ್ಕಳ ಕೈಯಲ್ಲಿ ಮನೆಯ ಹಿರಿಯರಿಂದ ಕೇಳಿ ಬರೆಸಿದ ದೊಡ್ಡ ಸಂಗ್ರಹವೊಂದಿದೆ. ಅದಕ್ಕೆ ಕೊಟ್ಟಿದ್ದ ವಿಷಯಗಳಲ್ಲಿ ಬ್ರೆಡ್ಡೂ ಒಂದು. ಇಂಥ ನಂಬಿಕೆಗಳನ್ನು ಗೌರವದಿಂದಲೇ ಕಾಣಬೇಕು, ಭಕ್ತಿಯಿಂದ ಗೆರೆ ಎಳೆದವರು ಖಂಡಿತ ಇದ್ದರು. ಆದರೆ ನಿಮ್ಮ ಬ್ರೆಡ್ಡಿಗೆ ಬೇಕಾದ ಕಾರಣ ಬೇರೆ. ಆಳವಾಗಿ, ಅಂದರೆ ದಪ್ಪದ ಅರ್ಧದವರೆಗೆ ಕೊಯ್ದ ಗೆರೆಯಿಂದ ನಡುಭಾಗಕ್ಕೆ ಶಾಖ ತಲಪುತ್ತದೆ, ಉಬ್ಬುವ ಹಿಟ್ಟಿಗೆ ಬಿರಿಯಲು ಜಾಗ ಸಿಗುತ್ತದೆ, ಬೆಂದ ಮೇಲೆ ನಾಲ್ಕು ಪಾಲಾಗಿ ಮುರಿಯಲೂ ಸುಲಭ. ಚಾಕುವಿನ ತುದಿಯಿಂದ ಚರ್ಮದಷ್ಟೇ ಗೀರಿದರೆ ಇದಾವುದೂ ಆಗುವುದಿಲ್ಲ.

ತಳ ಸೀಯುವುದಕ್ಕೆ ಮುಖ್ಯ ಕಾರಣ ಕೆಂಡದ ಹಂಚಿಕೆ. ಅಜ್ಜಿಯ ತವಸಳಿಯನ್ನು ನೋಡಿದ್ದೀರಾದ್ದರಿಂದ ಮುಚ್ಚಳದ ಮೇಲೆ ಕೆಂಡ ಹಾಕುವುದು ನಿಮಗೆ ಹೊಸದಲ್ಲ. ಆದರೆ ಉರಿಯುವ ಬೆಂಕಿಯ ಮೇಲೆಯೇ ಪಾತ್ರೆ ತೂಗುಹಾಕಿದ್ದೀರೆಂದು ನನ್ನ ಅನುಮಾನ. ಬೀಡುಕಬ್ಬಿಣ ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ನಿಧಾನವಾಗಿಯೇ ಆರುತ್ತದೆ. ಜ್ವಾಲೆ ತಳಕ್ಕೆ ತಾಗುತ್ತಿದ್ದರೆ ತಳ ಬೇಗ ಮಿತಿಮೀರಿ ಕಾಯುತ್ತದೆ, ಆಮೇಲೆ ಬೆಂಕಿ ತಗ್ಗಿಸಿದರೂ ಪ್ರಯೋಜನವಾಗುವುದಿಲ್ಲ. ತಳಕ್ಕೆ ಬ್ರೆಡ್ ನೇರವಾಗಿ ಅಂಟಿಕೊಂಡಿರುತ್ತದೆ, ಮೇಲ್ಭಾಗಕ್ಕೂ ಮುಚ್ಚಳಕ್ಕೂ ನಡುವೆ ಗಾಳಿಯಿರುತ್ತದೆ. ಆದ್ದರಿಂದ ಸಮನಾಗಿ ಬೇಯಬೇಕಾದರೆ ಕೆಂಡ ಮೇಲೆ ಹೆಚ್ಚು, ಕೆಳಗೆ ಕಡಿಮೆ ಇರಬೇಕು. ಮೂರು ಪಾಲಿನಲ್ಲಿ ಎರಡು ಪಾಲು ಮೇಲೆ, ಒಂದು ಪಾಲು ಕೆಳಗೆ ಎಂದು ಆರಂಭಿಸಿ. ಜ್ವಾಲೆ ಇಳಿದು ಕೆಂಡವಾದ ಮೇಲೆ ಒಂದಿಷ್ಟನ್ನು ಬದಿಗೆಳೆದು ಹರಡಿ, ಅದರ ಮೇಲೆ ಪಾತ್ರೆಯನ್ನು ಅದರದೇ ಕಾಲುಗಳ ಮೇಲೆ ನಿಲ್ಲಿಸಿ, ಅಥವಾ ತೋಳಿನಿಂದ ಒಂದು ಗೇಣು ಎತ್ತರದಲ್ಲಿ ತೂಗುಹಾಕಿ. ಶಾಖ ಎಷ್ಟಿದೆ ಎಂದು ತಿಳಿಯಲು ಖಾಲಿ ಪಾತ್ರೆಯ ತಳಕ್ಕೆ ಚಿಟಿಕೆ ಹಿಟ್ಟು ಉದುರಿಸಿ: ಉದುರಿಸಿದೊಡನೆ ಕಪ್ಪಾದರೆ ಅತಿಯಾಯಿತು, ನಿಧಾನವಾಗಿ ಕಂದಾದರೆ ಸರಿ, ಬೆಳ್ಳಗೇ ಉಳಿದರೆ ಇನ್ನೂ ಕಾಯಿರಿ.

ಬ್ರೆಡ್ ಒಳಗಿಟ್ಟು ಮುಚ್ಚಿದ ಮೇಲೆ ಇಕ್ಕಳದಿಂದ ನೆಲ್ಲಿಕಾಯಿ ಗಾತ್ರದ ಕೆಂಡಗಳನ್ನು ಮುಚ್ಚಳದ ಮೇಲೆ, ಅಂಚಿನ ಸುತ್ತ ದಟ್ಟವಾಗಿ, ನಡುವೆ ವಿರಳವಾಗಿ ಇಡಿ. ಇಂಥ ಪಾತ್ರೆಯ ಮುಚ್ಚಳದ ಅಂಚು ಸ್ವಲ್ಪ ಎದ್ದಿರುವುದು ಕೆಂಡ ಜಾರದಿರಲಿ, ಬೂದಿ ಒಳಗೆ ಬೀಳದಿರಲಿ ಎಂಬುದಕ್ಕಾಗಿಯೇ. 35 ನಿಮಿಷದವರೆಗೆ ತೆರೆಯಬೇಡಿ. ತೆರೆಯುವಾಗ ಮೊದಲು ಬೂದಿಯನ್ನು ಗುಡಿಸಿ, ಮುಚ್ಚಳವನ್ನು ವಾಲಿಸದೆ ನೇರವಾಗಿ ಎತ್ತಿ, ಇಲ್ಲದಿದ್ದರೆ ಒಂದು ಹಿಡಿ ಬೂದಿ ಬ್ರೆಡ್ಡಿನ ಮೇಲೆ. ಬ್ರೆಡ್ಡನ್ನು ಮಗುಚಿ ತಳಕ್ಕೆ ಬೆರಳಿನ ಗಂಟಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, ನಡುಭಾಗ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬೆಂದಿದೆ. ಆಮೇಲೆ ಬಟ್ಟೆಯಲ್ಲಿ ಸುತ್ತಿ ಓರೆಯಾಗಿ ನಿಲ್ಲಿಸಿ, ಕನಿಷ್ಠ ಮುಕ್ಕಾಲು ಗಂಟೆ ಕತ್ತರಿಸಬೇಡಿ. ಬಿಸಿಯಲ್ಲಿ ಕೊಯ್ದರೆ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಬೆಂದ ಬ್ರೆಡ್ಡೂ ಹಸಿಯೆಂದೇ ತೋರುತ್ತದೆ.

ಟರ್ಫ್ ಇಲ್ಲದೆ ಈ ಬ್ರೆಡ್ ಬರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಟರ್ಫ್ ಎಂದರೆ ಜವುಗು ನೆಲದಿಂದ ಇಟ್ಟಿಗೆಯಂತೆ ಕಡಿದು ಒಣಗಿಸಿದ, ಅರೆಕೊಳೆತ ಸಸ್ಯರಾಶಿ. ಮರ ವಿರಳವಾಗಿದ್ದ ಪಶ್ಚಿಮ ಐರ್ಲೆಂಡಿನಲ್ಲಿ ಅದೇ ಕೈಗೆ ಸಿಗುವ ಉರುವಲಾಗಿತ್ತು. ಅದರ ಕೆಂಡ ಸೌಮ್ಯವಾಗಿ, ಬಹುಹೊತ್ತು ಇರುತ್ತದೆ. ರಾತ್ರಿ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಕೆದಕಿ ಅದೇ ಬೆಂಕಿಯನ್ನು ಎಬ್ಬಿಸುವ ರೂಢಿ ಸಾಧ್ಯವಾದದ್ದೂ ಇದರಿಂದಲೇ. ಬ್ರೆಡ್ ಬೇಯಿಸುವವರಿಗೆ ಆ ಸೌಮ್ಯತೆ ಅನುಕೂಲ. ಹೊಗೆಯ ರುಚಿ ಎಂಬುದು ಮಾತ್ರ ಹೆಚ್ಚಾಗಿ ನೆನಪಿನ ಮಾತು: ಹೊಗೆಯಾಡುವ ಹಂತ ದಾಟಿದ ಕೆಂಡದಲ್ಲಿ, ಮುಚ್ಚಿದ ಪಾತ್ರೆಯೊಳಗೆ ಬೇಯುವ ಬ್ರೆಡ್ಡಿಗೆ ಹೊಗೆ ತಾಗುವುದೇ ಕಡಿಮೆ. ರುಚಿಯಲ್ಲಿ ವ್ಯತ್ಯಾಸ ನಿಜವಾಗಿ ಬರುವುದು ಪಾತ್ರೆಯೊಳಗೆ ಸಿಲುಕಿದ ಆವಿಯಿಂದ ಮತ್ತು ಕಬ್ಬಿಣಕ್ಕೆ ತಾಗಿದ ದಪ್ಪ ಹೊರಪದರದಿಂದ. ಆಶ್, ಬೀಚ್ ಮರದ ಚೆನ್ನಾಗಿ ಒಣಗಿದ ಸೌದೆಯಿಂದಲೂ ಅದು ಬರುತ್ತದೆ, ಕೆಂಡ ಸ್ವಲ್ಪ ಹೆಚ್ಚು ತೀಕ್ಷ್ಣವಾದ್ದರಿಂದ ಕೆಳಗಿನ ಪಾಲನ್ನು ಇನ್ನಷ್ಟು ಕಡಿಮೆ ಮಾಡಬೇಕು. ತೆಂಗಿನ ಚಿಪ್ಪಿನ ಕೆಂಡದ ಉರಿ ಇವೆರಡಕ್ಕಿಂತಲೂ ಚುರುಕು. ಅಜ್ಜಿಯ ಅಳತೆಯನ್ನು ಕಣ್ಣಂದಾಜಿನಲ್ಲಿ ಇಲ್ಲಿಗೆ ತರಬೇಡಿ.

ಕಾನೂನಿನ ವಿಷಯ ಹೀಗಿದೆ. 2022ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ನಿಯಮಗಳಂತೆ ಐರ್ಲೆಂಡಿನಲ್ಲಿ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಟರ್ಫ್ ಮಾರುವಂತಿಲ್ಲ. ಸುಡುವುದಕ್ಕೆ ನಿಷೇಧವಿಲ್ಲ, ಟರ್ಫ್ ಕಡಿಯುವ ಹಕ್ಕುಳ್ಳ ಹಳ್ಳಿಗರು ತಮ್ಮ ಬಳಕೆಗೆ ಕಡಿದುಕೊಳ್ಳಬಹುದು, ಊರೊಳಗೆ ಕೊಡುವುದೂ ಉಂಟು. ಕೈಗಾರಿಕಾ ಮಟ್ಟದಲ್ಲಿ ಅದನ್ನು ತೆಗೆಯುತ್ತಿದ್ದ ಸರ್ಕಾರಿ ಸಂಸ್ಥೆ ಬೋರ್ಡ್ ನ ಮೋನಾ 2021ರಲ್ಲಿ ಆ ಕೆಲಸವನ್ನು ಪೂರ್ತಿ ನಿಲ್ಲಿಸುವುದಾಗಿ ಘೋಷಿಸಿತು, ಏಕೆಂದರೆ ಜವುಗು ನೆಲ ಹಿಡಿದಿಟ್ಟ ಇಂಗಾಲ ಅಪಾರ, ಬರಿದಾಗಿಸಿದರೆ ಮತ್ತೆ ತುಂಬಲು ಸಾವಿರಾರು ವರ್ಷ ಬೇಕು. ಪಕ್ಕದ ಮನೆಯವರು ಒಂದು ಬುಟ್ಟಿ ಕೊಟ್ಟರೆ ಬೇಡ ಎನ್ನಬೇಕಾಗಿಲ್ಲ. ಬ್ರೆಡ್ಡಿಗೋಸ್ಕರ ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ.

ನಿಮ್ಮ ಮಗಳ ಆಸ್ತಮಾದಿಂದಾಗಿ ನನ್ನ ಸಲಹೆ ಬದಲಾಗುತ್ತದೆ. ತೆರೆದ ಬೆಂಕಿಗೂಡು ಹೊಗೆಯನ್ನು ಎಷ್ಟೇ ಚೆನ್ನಾಗಿ ಎಳೆದರೂ ಕೆಂಡ ಕೆದಕುವಾಗ, ಮುಚ್ಚಳಕ್ಕೆ ಎತ್ತಿ ಹಾಕುವಾಗ ಸೂಕ್ಷ್ಮ ಕಣಗಳು ಕೋಣೆಗೆ ಬಂದೇ ಬರುತ್ತವೆ. ಟರ್ಫಿನದು ಹೊಗೆ ಹೆಚ್ಚಿರುವ ಉರುವಲು. ಮಗು ಇರುವ ಮನೆಯೊಳಗೆ ಇದನ್ನು ರೂಢಿ ಮಾಡಿಕೊಳ್ಳಬೇಡಿ. ವರ್ಷಕ್ಕೊಮ್ಮೆ ಹಬ್ಬದಂತೆ ಮಾಡುವುದಾದರೂ ಮೊದಲು ಮನೆ ಮಾಲೀಕರ ಒಪ್ಪಿಗೆ ಪಡೆಯಿರಿ, ಚಿಮಣಿ ಗುಡಿಸುವವರನ್ನು ಕರೆಸಿ. ಬಳಕೆಯಿಲ್ಲದ ಚಿಮಣಿಗಳಲ್ಲಿ ಜಾಕ್‌ಡಾ ಎಂಬ ಕಾಗೆ ಜಾತಿಯ ಹಕ್ಕಿ ಕಡ್ಡಿ ತುಂಬಿ ಗೂಡು ಕಟ್ಟುವುದು ಅಲ್ಲಿ ತೀರ ಸಾಮಾನ್ಯ. ಹೊಗೆಯ ಹಾದಿ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೋಣೆಯಲ್ಲೇ ನಿಲ್ಲುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಅದನ್ನು ಎಚ್ಚರಿಸುವ ಅಲಾರಂ ಇಲ್ಲದ ಕೋಣೆಯಲ್ಲಿ ಬೆಂಕಿ ಹಾಕಬೇಡಿ.

ಹಾಗಾದರೆ ಮಾಡುವುದೇನು? ಮೊದಲು ಬ್ರೆಡ್ಡನ್ನು ಅಡುಗೆಮನೆಯ ಓವನ್‌ನಲ್ಲಿ ಕಲಿಯಿರಿ. ಕಾಲಿಲ್ಲದ ಮುಚ್ಚಳದ ಬೀಡುಕಬ್ಬಿಣದ ಪಾತ್ರೆಯನ್ನು ಓವನ್‌ನಲ್ಲೇ 220 ಡಿಗ್ರಿಗೆ ಕಾಯಿಸಿ, ಬ್ರೆಡ್ ಇಟ್ಟು ಮುಚ್ಚಿ, ಕಾಲು ಗಂಟೆಯ ನಂತರ 200ಕ್ಕೆ ಇಳಿಸಿ, ಇನ್ನು 25ರಿಂದ 30 ನಿಮಿಷ ಬೇಯಿಸಿ. ಕೊನೆಯ ಹತ್ತು ನಿಮಿಷ ಮುಚ್ಚಳ ತೆಗೆದರೆ ಹೊರಪದರ ಗರಿಯಾಗುತ್ತದೆ. ಬೆಂಕಿಗೂಡಿನ ಬ್ರೆಡ್ಡಿಗೂ ಇದಕ್ಕೂ ಕಣ್ಣು ಕಟ್ಟಿ ರುಚಿ ನೋಡಿದರೆ ಬಹಳ ಮಂದಿ ವ್ಯತ್ಯಾಸ ಹೇಳಲಾರರು. ಕಲಸಿದ್ದರಲ್ಲಿ ತಪ್ಪಿದ್ದರೆ ಯಾವ ಕೆಂಡವೂ ಅದನ್ನು ತಿದ್ದುವುದಿಲ್ಲ, ಓವನ್‌ನಲ್ಲಿ ಸರಿಬಂದ ಹಿಟ್ಟು ಬೆಂಕಿಯಲ್ಲಿ ಕೆಟ್ಟರೆ ಆಗ ದೋಷ ಕೆಂಡದ್ದೆಂದು ಖಚಿತವಾಗುತ್ತದೆ.

ಎರಡನೆಯ ದಾರಿ ಉತ್ತರದ ಅಲ್‌ಸ್ಟರ್ ಪ್ರಾಂತದ್ದು, ನಿಮ್ಮ ಕೈಗೆ ಬೇಗ ಒಗ್ಗುವಂಥದ್ದು. ಅಲ್ಲಿ ಇದೇ ಹಿಟ್ಟನ್ನು ಅರ್ಧ ಅಂಗುಲ ದಪ್ಪಕ್ಕೆ ತಟ್ಟಿ, ನಾಲ್ಕು ಪಾಲು ಮಾಡಿ, ಎಣ್ಣೆಯಿಲ್ಲದ ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಫಾರ್ಲ್ ಎಂದು ಹೆಸರು. ಒಂದೊಂದು ಮೈಗೆ ಎಂಟು-ಹತ್ತು ನಿಮಿಷ, ಕೊನೆಗೆ ಬದಿಗಳನ್ನು ಒಂದೊಂದಾಗಿ ಕಾವಲಿಗೆ ಒತ್ತಿ ನಿಲ್ಲಿಸಿ ಒಣಗಿಸಬೇಕು. ನಿಮ್ಮ ದೋಸೆ ಕಾವಲಿಯಲ್ಲೂ, ಅನಿಲದ ಒಲೆಯಲ್ಲೂ ಆಗುತ್ತದೆ. ಕೆಂಡವಿಲ್ಲ, ಹೊಗೆಯಿಲ್ಲ, ಉರಿ ಹೆಚ್ಚಾದರೆ ಒಳಗೆ ಹಸಿ ಉಳಿಯುತ್ತದೆ ಎಂಬುದೊಂದೇ ಎಚ್ಚರ.

ಕೆಂಡದಲ್ಲೇ ಬೇಯಿಸಿ ನೋಡುವ ಆಸೆ ಉಳಿದಿದ್ದರೆ ಮನೆಯ ಹೊರಗೆ, ಗಾಳಿ ಮರೆಯಾದ ಕಲ್ಲಿನ ಅಥವಾ ಕಾಂಕ್ರೀಟಿನ ನೆಲದ ಮೇಲೆ, ಮರದ ಇದ್ದಿಲಿನಿಂದ ಮಾಡಿ, ಮಗಳು ಹೊಗೆ ಹೋಗುವ ಕಡೆ ಇರದೆ, ಗಾಳಿ ಬೀಸಿ ಬರುವ ಬದಿಯಲ್ಲಿರಲಿ. ಮೇಯೋದ ಗಾಳಿ ಒಂದು ಬದಿಯ ಕೆಂಡವನ್ನು ಊದಿ ಉರಿಸುತ್ತದೆ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಒಂದು ಕಡೆಗೆ, ಮುಚ್ಚಳವನ್ನು ಇನ್ನೊಂದು ಕಡೆಗೆ ತಿರುಗಿಸುತ್ತಿರಬೇಕು. ಮಳೆ ಬಂತೆಂದು ಉರಿಯುವ ಇದ್ದಿಲನ್ನು ಗ್ಯಾರೇಜಿಗೆ, ಹಿತ್ತಿಲ ಕೊಟ್ಟಿಗೆಗೆ ಎಳೆದುಕೊಂಡು ಹೋಗಬೇಡಿ. ಕಾರ್ಬನ್ ಮಾನಾಕ್ಸೈಡ್ ಅಪಘಾತಗಳು ಆಗುವುದು ಹೀಗೆಯೇ. ಬಿಸಿ ಪಾತ್ರೆಗೆ ತಣ್ಣೀರು ತಾಗಿದರೆ ಬೀಡುಕಬ್ಬಿಣ ಸೀಳುತ್ತದೆ. ಬೂದಿಯನ್ನು ಲೋಹದ ಡಬ್ಬಿಗೇ ಹಾಕಿ, ಪ್ಲಾಸ್ಟಿಕ್ ಕಸದ ಬುಟ್ಟಿಗೆ ಎರಡು ದಿನದವರೆಗೆ ಬೇಡ.

ಇದನ್ನು ಬಲ್ಲವರ ಕೈಯಲ್ಲಿ ನೋಡಬೇಕೆಂದಿದ್ದರೆ ಕಿಲಾರ್ನಿಯ ಮಕ್ರಾಸ್ ಸಾಂಪ್ರದಾಯಿಕ ತೋಟಮನೆಗಳಿಗೆ ಅಥವಾ ಬೆಲ್‌ಫಾಸ್ಟ್ ಬಳಿ ಕಲ್‌ಟ್ರಾದ ಅಲ್‌ಸ್ಟರ್ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ, ಬೆಂಕಿಗೂಡಿನ ಮೇಲೆ ಬ್ರೆಡ್ ಮಾಡಿ ತೋರಿಸುವ ದಿನಗಳನ್ನು ಮೊದಲೇ ವಿಚಾರಿಸಿಕೊಂಡು. ನಿಮ್ಮ ಕೌಂಟಿಯಲ್ಲೇ, ಕಾಸಲ್‌ಬಾರ್ ಹತ್ತಿರದ ಟರ್ಲೋ ಪಾರ್ಕ್‌ನಲ್ಲಿ, ಹಳ್ಳಿಬದುಕಿಗೆ ಮೀಸಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಬ್ಯಾಸ್ಟಿಬಲ್‌ನ ಕಾಲು, ಕಿವಿ, ಮುಚ್ಚಳಗಳನ್ನು ಹತ್ತಿರದಿಂದ ನೋಡಲು ಅದೇ ಸಾಕು.

ಕೊನೆಯದಾಗಿ, ನೀವು ಕೇಳದಿದ್ದರೂ ಬೇಕಾಗುವ ಒಂದು ಮಾತು: ಈ ಬ್ರೆಡ್ಡಿನಲ್ಲಿ ಕೊಬ್ಬಿಲ್ಲ, ಆದ್ದರಿಂದ ಎರಡನೆಯ ದಿನಕ್ಕೆ ಒಣಗುತ್ತದೆ. ಒಣದ್ರಾಕ್ಷಿ, ಮೊಟ್ಟೆ, ಸಕ್ಕರೆ ಸೇರಿಸಿದ ಬಗೆಗಳು ಹಬ್ಬಕ್ಕೋ ಭಾನುವಾರಕ್ಕೋ ಇದ್ದವು, ದಿನದ ಬ್ರೆಡ್ ಸಪ್ಪೆಯದೇ. ಮೊದಲ ದಿನ ಉಪ್ಪು ಬೆಣ್ಣೆಯೊಂದಿಗೆ ತಿನ್ನಿ. ಮರುದಿನ ಉಳಿದದ್ದನ್ನು ಅಡ್ಡಲಾಗಿ ಸೀಳಿ, ಒಳಮೈಯನ್ನು ಕಾವಲಿಯಲ್ಲಿ ಬೆಣ್ಣೆ ಹಾಕಿ ಕೆಂಪಗೆ ಹುರಿಯಿರಿ, ಉತ್ತರದವರು ಬೆಳಗಿನ ತಿಂಡಿಗೆ ಫಾರ್ಲ್‌ಗಳನ್ನು ಹುರಿಯುವುದು ಹೀಗೆಯೇ.